ರಾಜನ ಕಾಲಿಗೆ ಇಪ್ಪತ್ತು ನಿಮಿಷ

ಬಾಗಿಲು ತೆರೆದ ಕೂಡಲೇ ಮೈಮೂನಾಳಿಗೆ ಎರಡು ವಾಸನೆ ಬಂದವು. ಮೇಲಿನದು ಊದಿನಕಡ್ಡಿಯದು. ಅದರ ಅಡಿಯಲ್ಲಿದ್ದದ್ದನ್ನು ಅವಳು ಹದಿನಾಲ್ಕು ವರ್ಷದಿಂದ ಬಲ್ಲಳು. ಜರ್ಮನಿಯ ಮ್ಯಾನ್‌ಹೈಮ್‌ನ ಆಸ್ಪತ್ರೆಯೊಂದರಲ್ಲಿ ವಾಸಿಯಾಗದ ಗಾಯಗಳಿಗೆ ಪಟ್ಟಿ ಕಟ್ಟುವುದೇ ಅವಳ ಕೆಲಸ.

ಕಳೆದ ತಿಂಗಳು ಮೂರು ಕಡ್ಡಿ ಉರಿಯುತ್ತಿದ್ದವು. ಇಂದು ಏಳು.

ಉದಯಕುಮಾರರ ಮನೆಯಲ್ಲಿ ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಕನ್ನಡದ ಓದು ಬಳಗ ಸೇರುತ್ತದೆ. ಒಬ್ಬರು ಪುಸ್ತಕವೊಂದನ್ನು ಓದಿಕೊಂಡು ಬಂದು ಹೇಳಬೇಕು, ಉಳಿದವರು ಕೇಳಬೇಕು. ಇಂದು ಮೈಮೂನಾಳ ಸರದಿ. ಹನ್ನೊಂದು ಜನ ಆಗಲೇ ಸೋಫಾ, ಕುರ್ಚಿ, ಚಾಪೆ ಹಿಡಿದು ಕೂತಿದ್ದರು. ಎಲ್ಲರೂ ಬಾಯಲ್ಲಿ ಉಸಿರಾಡುತ್ತಿದ್ದರು. ಯಾರೂ ಕಿಟಕಿಯ ಕಡೆ ನೋಡುತ್ತಿರಲಿಲ್ಲ.

"ಬಾರಮ್ಮಾ ಮೈಮೂನಾ, ಯಾವ ಪುಸ್ತಕ?" ಉದಯಕುಮಾರರು ತಮ್ಮ ದೊಡ್ಡ ಕುರ್ಚಿಯಿಂದಲೇ ಕೇಳಿದರು. ಅರವತ್ತೆಂಟರ ವಯಸ್ಸು. ಹೆಗಲ ಮೇಲೆ ಶಾಲು, ಎಡಗಾಲು ಮೊಣಕಾಲವರೆಗೂ ದಪ್ಪ ಕಾಲುಚೀಲದೊಳಗೆ.

"ಇಂಗ್ಲೆಂಡಿನ ಎಂಟನೇ ಹೆನ್ರಿ ರಾಜಂದು ಸರ್."

"ಆಹಾ! ಆರು ಹೆಂಡಿರ ಗಂಡ!" ಎಂದು ಅಶ್ವಿನ್ ನಕ್ಕ. "ಒಬ್ಬೊಬ್ಬಳಿಗೆ ಮೂರು ನಿಮಿಷ ಸಾಕಾ ಅಕ್ಕಾ?"

"ಹೆಂಡಿರ ಸುದ್ದಿ ನಿನಗ ಗೊತ್ತೈತಲ್ಲಪಾ. ನಾ ಅವನ ಕಾಲಿನ ಸುದ್ದಿ ಹೇಳಾಕ ಬಂದೀನಿ."

ಅಶ್ವಿನ್‌ನ ನಗು ಅರ್ಧಕ್ಕೆ ನಿಂತಿತು. ಉದಯಕುಮಾರರ ಬ್ಯಾಡ್ಮಿಂಟನ್ ಜೋಡಿ ಅವನು. ಏಪ್ರಿಲ್‌ನಲ್ಲಿ ಅವರು ಕೋರ್ಟಿನಲ್ಲಿ ಜಾರಿ ಬಿದ್ದು, ರ‍್ಯಾಕೆಟ್ ಮುರಿದು ಕಣಕಾಲು ಸೀಳಿದಾಗ ಪಕ್ಕದಲ್ಲೇ ಇದ್ದವನು. ಎಂಟು ತಿಂಗಳಾಯಿತು. ಸಕ್ಕರೆ ಕಾಯಿಲೆಯ ಮೈ, ಗಾಯ ಮುಚ್ಚಿಲ್ಲ. ನಾಳೆ ಊರ ಕ್ಲಬ್ಬಿನ ಫೈನಲ್, ಇಬ್ಬರೂ ಆಡುವವರಿದ್ದರು.

ಮೈಮೂನಾ ಹೇಳದೆ ಬಿಟ್ಟವಳಲ್ಲ. ಹೋದ ತಿಂಗಳು ಚಪ್ಪಲಿ ಬಿಡುವ ಜಾಗದಲ್ಲಿ, ಯಾರೂ ಇಲ್ಲದಾಗ, "ಸರ್, ಒಮ್ಮೆ ಕಾಲು ತೋರಸ್ರಿ, ನಮ್ಮ ದವಾಖಾನ್ಯಾಗ ಅಪಾಯಿಂಟ್‌ಮೆಂಟ್ ಕೊಡಸ್ತೀನಿ" ಎಂದಿದ್ದಳು. "ಆಟದ ಗಾಯ ಕಣಮ್ಮಾ. ನೀನು ನರ್ಸು, ನಾನು ಡಾಕ್ಟರು" ಎಂದು ಅವರು ಬೆನ್ನು ತಟ್ಟಿ ಕಳಿಸಿದ್ದರು. ಡಾಕ್ಟರು ಹೌದು, ಪ್ಲಾಸ್ಟಿಕ್ಕಿನ ರಸಾಯನಶಾಸ್ತ್ರದಲ್ಲಿ.

ಬೇರೆ ಯಾರೂ ಹೇಳುವವರಲ್ಲ. ಒಬ್ಬನಿಗೆ ಅವರು ಮನೆ ಹುಡುಕಿಕೊಟ್ಟಿದ್ದರು, ಇನ್ನೊಬ್ಬಳಿಗೆ ವೀಸಾ ಕಚೇರಿಗೆ ಜರ್ಮನ್ ಪತ್ರ ಬರೆದುಕೊಟ್ಟಿದ್ದರು. ಉಪಕಾರ ಮಾಡಿದವರ ಮುಂದೆ ಮೂಗು ಕೆಲಸ ಮಾಡಬಾರದು. ಆ ಕೋಣೆಯ ಕಾನೂನು ಅದು. ವಿನಯ ಎಂದು ಅದಕ್ಕೊಂದು ಒಳ್ಳೆಯ ಹೆಸರು ಬೇರೆ.

ಇಂದು ಅವಳು ಇನ್ನೊಂದನ್ನು ಕಂಡಳು. ಹೀಟರ್ ಪೂರ್ತಿ ಉರಿಯುತ್ತಿದ್ದರೂ ಶಾಲಿನೊಳಗೆ ಉದಯಕುಮಾರರು ನಡುಗುತ್ತಿದ್ದರು. ಕೆನ್ನೆ ಕೆಂಪೇರಿತ್ತು. ನಂಜು ರಕ್ತಕ್ಕೆ ಇಳಿಯುವ ನಡುಕ ಅದು. ನಾಳೆಯವರೆಗೆ ಕಾಯುವುದಲ್ಲ. ಕಾಲು ಹೋಗಬಹುದು, ಮನುಷ್ಯನೂ ಹೋಗಬಹುದು.

ಸುಮ್ಮನೆ ಬಾಯಿ ತೆರೆದರೆ ಮೊದಲ ಮಾತಿಗೇ ತಡೆಯುತ್ತಾರೆ. ಆದರೆ ಬಳಗಕ್ಕೊಂದು ನಿಯಮವಿತ್ತು, ಅವರೇ ಬರೆದದ್ದು: ಓದುವವರಿಗೆ ಇಪ್ಪತ್ತು ನಿಮಿಷ, ನಡುವೆ ಯಾರೂ ಬಾಯಿ ಹಾಕುವಂತಿಲ್ಲ, ಅಧ್ಯಕ್ಷರಾದ ಉದಯಕುಮಾರರೂ. ಅದಕ್ಕೆಂದೇ ಮೇಜಿನ ಮೇಲೆ ಮೊಟ್ಟೆಯಾಕಾರದ ಬಿಳಿ ಗಡಿಯಾರ. ಮೊಟ್ಟೆ ಹೊಸ್ತಿಲು ದಾಟದ ಆ ಮನೆಯಲ್ಲಿ ಆ ಒಂದು ಮೊಟ್ಟೆಗೆ ಮಾತ್ರ ಪ್ರವೇಶವಿತ್ತು.

ಮೈಮೂನಾ ಅದನ್ನು ತಿರುಗಿಸಿ ಇಟ್ಟಳು. ಟಿಕ್ ಟಿಕ್ ಶುರುವಾಯಿತು.

"ಈ ರಾಜ ಸಣ್ಣಾಂವ ಇದ್ದಾಗ ಭಾಳ ಚಂದ ಆಡ್ತಿದ್ದ. ಕುದುರಿ ಮ್ಯಾಲೆ ಈಟಿ ಕಾಳಗ, ಬೇಟೆ, ಟೆನಿಸ್. ಒಮ್ಮೆ ಮುಖದ ಕವಚ ಮುಚ್ಚೋದು ಮರತು ಕಾಳಗಕ್ಕ ಇಳಿದ. ಈಟಿ ಬಂದು ಶಿರಸ್ತ್ರಾಣಕ್ಕ ಬಡಿದು ಚೂರಾತು. ಕಣ್ಣು ಹೋಗೋದು ಸ್ವಲ್ಪದರಾಗ ತಪ್ಪಿತು. ಏನಾಗಿಲ್ಲ ಅಂತ ತೋರಸಾಕ ಮತ್ತ ಆರು ಸುತ್ತು ಆಡಿದ. ಎಲ್ಲಾರೂ ಚಪ್ಪಾಳಿ ಹೊಡದ್ರು."

ಅಶ್ವಿನ್ ಕಾರ್ಪೆಟ್ಟಿನ ದಾರ ಕೀಳತೊಡಗಿದ.

"ಇನ್ನೊಮ್ಮೆ ಬೇಟೆಗೆ ಹೋದಾಗ ಕೋಲು ಊರಿ ಹಳ್ಳ ಜಿಗಿಯಾಕ ಹೋದ. ಕೋಲು ಮುರೀತು, ತಲಿ ಕೆಸರಿನಾಗ ಹೂತು ಹೋತು. ಒಬ್ಬ ಆಳು ಎಳದು ಉಳಿಸಿದ. ನಲವತ್ನಾಲ್ಕನೇ ವಯಸ್ಸಿನಾಗ ಕುದುರಿ ಅವನ ಮ್ಯಾಲೇ ಬಿತ್ತು. ಎರಡು ತಾಸು ಮಾತಿಲ್ಲ ಅಂತ ಒಬ್ಬ ಬರದಾನ. ಆಮ್ಯಾಲೆ ಕಾಲಿನ ಹುಣ್ಣು ಅವನ್ನ ಬಿಡಲೇ ಇಲ್ಲ. ಮ್ಯಾಲೆ ಮುಚ್ಚಿಕೊಂಡ್ರ ಒಳಗ ಕೀವು ಕಟ್ಟತಿತ್ತು, ಜ್ವರ ಬಂದು ಮುಖ ಕಪ್ಪಿಡತಿತ್ತು. ಕಡೀಗೆ ಕುರ್ಚಿ ಸಮೇತ ಹೊತ್ಕೊಂಡು ತಿರುಗ್ತಿದ್ರು."

"ಮೈಮೂನಾ..." ಎಂದರು ಉದಯಕುಮಾರರು.

ಅವಳು ಗಡಿಯಾರದ ಕಡೆ ಬೆರಳು ತೋರಿಸಿದಳು. "ಇನ್ನೂ ಹನ್ನೊಂದು ನಿಮಿಷ ಐತ್ರಿ ಸರ್."

ಅವರು ಶಾಲು ಬಿಗಿದುಕೊಂಡರು. ಹಲ್ಲು ಕಟಕಟ ಎಂದದ್ದು ಎಲ್ಲರಿಗೂ ಕೇಳಿಸಿತು. ಎಲ್ಲರೂ ಕೇಳಿಸದವರಂತೆ ಕೂತರು.

"ಆ ರಾಜ್ಯದಾಗ ಒಂದು ಕಾನೂನಿತ್ತು. ರಾಜ ಸಾಯ್ತಾನ ಅಂತ ಅನ್ನೋದೇ ರಾಜದ್ರೋಹ. ವೈದ್ಯರು ಮಂಚದ ಸುತ್ತ ನಿಂತಿದ್ರು, ಎಲ್ಲಾರಿಗೂ ಗೊತ್ತಿತ್ತು, ಒಬ್ಬರೂ ತುಟಿ ಬಿಚ್ಚಲಿಲ್ಲ. ಕಡೀಗೆ ಹೇಳಿದಾಂವ ವೈದ್ಯ ಅಲ್ರೀ, ಅವನ ಖಾಸಾ ಕೋಣಿ ನೋಡ್ಕೊಳ್ಳಾಂವ. ಅಷ್ಟೊತ್ತಿಗೆ ಹೇಳಿದ್ರೂ ಒಂದೇ, ಬಿಟ್ರೂ ಒಂದೇ." ಅವಳ ದನಿ ಏರಿತು. "ನಾ ಕೇಳ್ತೀನಿ, ಆ ಕೋಣ್ಯಾಗ ಇದ್ದವರು ರಾಜನ್ನ ಪ್ರೀತಿ ಮಾಡ್ತಿದ್ರೋ, ತಮ್ಮ ಜಾಗಾನ ಪ್ರೀತಿ ಮಾಡ್ತಿದ್ರೋ? ಅಲ್ಲಿ ತಲಿ ಹೋಗ್ತಿತ್ತು. ಇಲ್ಲಿ ನಮಗ ಏನ್ ಹೋಗ್ತೈತಿ? ಒಂದು ಕಪ್ ಕಾಫಿ?"

ಯಾರೋ ಕೆಮ್ಮಿದರು.

"ಮುನ್ನೂರು ಪುಟದ ಪುಸ್ತಕ ಇದು. ರಾಜನ ಸೊಂಟದ ಅಳತಿ ಸೈತ ಬರದಾರ. ಆದ್ರ ದಿನಾ ಆ ಕೀವಿನ ಬಟ್ಟಿ ಒಗದವರು ಯಾರು, ಅವರ ಕೈ ಹೆಂಗಿದ್ವು, ಅವರು ಊಟ ಹೆಂಗ ಮಾಡಿದ್ರು, ಒಂದು ಸಾಲಿಲ್ರೀ. ಒಂದು ಸಾಲಿಲ್ಲ."

ಅಡುಗೆಮನೆಯ ಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದು ನಿಂತಿದ್ದ ಗೌರಕ್ಕ, ಉದಯಕುಮಾರರ ಹೆಂಡತಿ, ತಟ್ಟೆಯನ್ನು ನೆಲದ ಮೇಲೇ ಇಟ್ಟರು. ಅವರ ಬೆರಳ ತುದಿಗಳು ಸೋಂಕುನಾಶಕಕ್ಕೆ ಸುಲಿದು ಬಿಳಿಚಿಕೊಂಡಿದ್ದವು. ನೇರ ದೇವರ ಗೂಡಿಗೆ ಹೋದರು. ಊದಿನಕಡ್ಡಿಗಳನ್ನು ಒಂದೊಂದಾಗಿ, ಏಳನ್ನೂ, ಹೂಜಿಯ ನೀರಿಗೆ ಅದ್ದಿದರು. ಚುಂಯ್, ಚುಂಯ್. ಅಡಿಯಲ್ಲಿದ್ದ ವಾಸನೆ ಎದ್ದು ಬಂದು ಕೋಣೆಯ ನಡುವೆ ಕೂತಿತು.

"ಏನೇ ಇದು ಗೌರಾ?"

"ಎಂಟು ತಿಂಗಳಿಂದ ಒಗೀತಿದೀನಿ. ಬಚ್ಚಲಲ್ಲಿ ಕೂತು ವಾಂತಿ ಮಾಡ್ಕೊಂಡು ಬಂದು ಇವರಿಗೆಲ್ಲ ಉಪ್ಪಿಟ್ಟು ಬಡಿಸಿದೀನಿ. ನಿಮ್ಮ ಮರ್ಯಾದೆ ಅಂತ. ಸಾಕು ರೀ."

"ನಾಳೆ ಫೈನಲ್ ಇದೆ," ಎಂದರು ಅವರು. ಗದರಬೇಕೆಂದು ಹೊರಟ ಮಾತು ಮಗುವಿನ ಹಟದಂತೆ ಬಂತು. "ಅಶ್ವಿನ್, ಹೇಳೋ."

ಅಶ್ವಿನ್ ದಾರ ಕೀಳುವುದನ್ನು ಬಿಟ್ಟ. ಅವರು ಹುಡುಕಿಕೊಟ್ಟ ಮನೆಯಲ್ಲಿ ಇವತ್ತಿಗೂ ಇರುವವನು.

"ನಾನು ಆಡಲ್ಲ ಸರ್. ಜೋಡಿ ಇಲ್ದೆ ನಿಮ್ಮನ್ನೂ ಆಡ್ಸಲ್ಲ." ಕಿಟಕಿಯ ಕಡೆ ನೋಡುತ್ತಾ ಹೇಳಿದ, "ಜೂನ್‌ನಿಂದಲೇ ವಾಸ್ನೆ ಬರ್ತಿತ್ತು ಸರ್. ಕ್ಷಮಿಸಿ."

ಉದಯಕುಮಾರರು ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಬಂದರು. ಕೊನೆಗೆ ಅವರ ಕಣ್ಣು ಬಿಳಿ ಗಡಿಯಾರದ ಮೇಲೆ ನಿಂತಿತು.

"ಇನ್ನೂ ನಾಲ್ಕು ನಿಮಿಷ ಇದೆ," ಎಂದರು ಒರಟಾಗಿ. "ನಿಯಮ ನಿಯಮವೇ. ಮುಗಿಸಮ್ಮಾ."

"ಪುಸ್ತಕ ಮುಗೀತ್ರಿ. ಉಳಿದ ನಾಲ್ಕು ನಿಮಿಷ ಕಾಲು ತೋರಸ್ರಿ."

ಗೌರಕ್ಕ ಅಭ್ಯಾಸಬಲದಿಂದ ಕಾಲುಚೀಲ ಕಳಚಲು ನೆಲಕ್ಕೆ ಬಾಗಿದರು. ಮೈಮೂನಾ ಅವರ ರಟ್ಟೆ ಹಿಡಿದು ಎತ್ತಿ, ತನ್ನ ಕುರ್ಚಿಯಲ್ಲಿ ಕೂರಿಸಿದಳು. "ನೀವು ಕುಂದರ್ರಿ ಅಕ್ಕಾ. ಕಾಲು ಅವರದು, ಕೈನೂ ಅದಾವು."

ಉದಯಕುಮಾರರು ಬಗ್ಗಿದರು. ಒದ್ದೆ ಕಾಲುಚೀಲ ಚರ್ಮಕ್ಕೆ ಅಂಟಿಕೊಂಡಿತ್ತು. ಎಳೆದರು, ನಿಲ್ಲಿಸಿದರು, ಮತ್ತೆ ಎಳೆದರು. ಅದು ಪೂರ್ತಿ ಕಳಚಿದಾಗ ಕಣಕಾಲಿನಿಂದ ಮೊಣಕಾಲಿನವರೆಗೆ ಏರಿದ್ದ ನಂಜಿನ ಕೆಂಪು ಗೆರೆ ಎಲ್ಲರಿಗೂ ಕಂಡಿತು. ಅಷ್ಟರಲ್ಲಿ ಮೊಟ್ಟೆ ಬಡಿದುಕೊಂಡಿತು. ಇನ್ನು ಯಾರು ಬೇಕಾದರೂ ಮಾತಾಡಬಹುದಿತ್ತು. ಒಬ್ಬರು ಎದ್ದು ಬಾಲ್ಕನಿಯ ಬಾಗಿಲು ತೆರೆದರು. ಡಿಸೆಂಬರಿನ ಗಾಳಿ ನುಗ್ಗಿತು.

"ಒಂದು ಒಂದು ಎರಡು ಹಚ್ಚೋ ಅಶ್ವಿನ್," ಎಂದಳು ಮೈಮೂನಾ.

ಅಶ್ವಿನ್ ಆಂಬುಲೆನ್ಸಿನವರಿಗೆ ಜರ್ಮನ್‌ನಲ್ಲಿ ವಿಳಾಸ ಹೇಳಿ ಫೋನನ್ನು ಅವರತ್ತ ಚಾಚಿದ. "ಪೇಷಂಟ್ ಹೆಸರು, ವಯಸ್ಸು ಕೇಳ್ತಿದಾರೆ ಸರ್."

ಉದಯಕುಮಾರರು ಫೋನು ಹಿಡಿದರು. ನಲವತ್ತು ವರ್ಷದ ರೂಢಿಯಲ್ಲಿ "ಡಾಕ್ಟರ್..." ಎಂದು ಶುರುಮಾಡಿದವರು ಮೈಮೂನಾಳ ಕಡೆ ನೋಡಿ ತಡೆದರು.

"ಉದಯಕುಮಾರ," ಎಂದರು. "ಅರವತ್ತೆಂಟು."