ಪ್ರಾಸರ್ ಬೂಟಿನಂಗಡಿಯ ಮೇಲಿನ ಸಿನಿಮಾ

ತೆಗನ್‌ಗೆ ಕೆಲಸ ಸಿಕ್ಕಿದ್ದೇ ಬಾಯಿ ಬಿಡದೆ ಕೂತದ್ದರಿಂದ. ಸಂದರ್ಶನದಲ್ಲಿ ಮ್ಯಾನೇಜರ್ ಪ್ರೈಸ್ ಕೇಳಿದ್ದಕ್ಕೆಲ್ಲ ತಲೆಯಾಡಿಸಿದಳು; ಅವರು ಅದನ್ನು ತಾಳ್ಮೆ ಎಂದುಕೊಂಡರು. ಹದಿನಾರಕ್ಕೇ ಶಾಲೆ ಬಿಟ್ಟು, ಆರು ವರ್ಷ ಸ್ವಾನ್‌ಸಿ ಊರಿನ ಮಾರುಕಟ್ಟೆಯಲ್ಲಿ ಕಸ ಗುಡಿಸಿದವಳನ್ನು ಅದೇ ಊರಿನ ಹೊಸ ಮಾಲ್‌ನ ವಿಚಾರಣೆ ಮೇಜಿಗೆ ಕೂರಿಸುವುದೆಂದರೆ ಮೀನಿಗೆ ಕೊಡೆ ಹಿಡಿದ ಹಾಗೆ ಎಂದು ಅವಳಿಗೇ ಅನ್ನಿಸಿತ್ತು. ಶನಿವಾರದ ಉದ್ಘಾಟನೆ ಸುಸೂತ್ರವಾಗಿ ಮುಗಿದರೆ ಕೆಲಸ ಖಾಯಂ. ಇಲ್ಲದಿದ್ದರೆ ಮತ್ತೆ ಪೊರಕೆ.

ಶನಿವಾರ ಮೊದಲು ಬಂದವಳು ಗಾಲಿಚೀಲ ಎಳೆದುಕೊಂಡು ಬಂದ ಬೋವೆನ್ ಅಜ್ಜಿ.

"ಸಿನಿಮಾ ಹಾಲ್ ಎಲ್ಲಮ್ಮಾ?"

ತೆಗನ್ ಬಾಯಿಪಾಠ ಒಪ್ಪಿಸಿದಳು. "ನೀಲಿ ವಿಭಾಗ, ಎರಡನೇ ಮಹಡಿ, ಏಳನೇ ಬಾಗಿಲು."

"ಏನ್ ಚಿನ್ನಾ, ನಿನ್ನ ಫೋನ್ ನಂಬರ್ ಹೇಳ್ತಿದ್ದೀಯಾ?"

ತೆಗನ್ ಕಿವಿ ಕೆಂಪಾಯಿತು. "ಪ್ರಾಸರ್ ಬೂಟಿನಂಗಡಿ ಇತ್ತಲ್ಲ, ಅದರ ಮೇಲೆ."

"ಹಾಗನ್ನು ಮತ್ತೆ!"

ಈಗ ಮಾಲ್ ನಿಂತಿರುವ ಜಾಗದಲ್ಲೇ ಇದ್ದು, ಕೆಡವಿ ಹತ್ತು ವರ್ಷವಾದ ಅಂಗಡಿಗೆ ಅಜ್ಜಿ ನೆಟ್ಟಗೆ ನಡೆದುಬಿಟ್ಟಳು. ಆ ಊರಲ್ಲಿ ದಾರಿ ಹೇಳುವುದೇ ಹಾಗೆ. ಕಣ್ಣೆದುರು ನಿಂತಿರುವುದು ಯಾರಿಗೂ ಗುರುತಲ್ಲ, ಬಿದ್ದುಹೋದದ್ದೇ ಗುರುತು. ಸುದ್ದಿ ಹಬ್ಬಿ ಮೇಜಿನ ಮುಂದೆ ಸಾಲು ಬೆಳೆಯಿತು. ಹನ್ನೊಂದರ ಹೊತ್ತಿಗೆ ತೆಗನ್‌ಗೆ ತಾನೇ ಊರಿನ ಮೇಯರ್ ಎನ್ನಿಸತೊಡಗಿತು. ಸಂಕೋಚದವರಿಗೆ ಬರುವ ಧೈರ್ಯ ಕೆಟ್ಟದ್ದು; ಅಭ್ಯಾಸವಿಲ್ಲದ್ದರಿಂದ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ.

ಬೂದು ಕೋಟಿನ ಹೆಂಗಸೊಬ್ಬಳು ಉದ್ಘಾಟನೆಯ ವೇದಿಕೆ ಎಲ್ಲಿ ಎಂದು ಕೇಳಿದಳು.

"ಇಲ್ಲೇ ಬಸ್ ನಿಲ್ದಾಣದ ಗಡಿಯಾರ ಇತ್ತಲ್ಲ, ಅಲ್ಲಿಂದ ಎಡಕ್ಕೆ ಹೋಗಿ. ಬೇಕರಿ ದಾಟಿದ್ರೆ ಸಿಕ್ಕೇಬಿಡ್ತು."

ಹೆಂಗಸು ಅವಳನ್ನೊಮ್ಮೆ ನೋಡಿ, ತಲೆಯಾಡಿಸಿ ಹೋದಳು. ಏನೂ ತಿಳಿಯದವರು ಹೇಗೆ ತಲೆಯಾಡಿಸುತ್ತಾರೆಂದು ತೆಗನ್‌ಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು?

ಅರ್ಧ ಗಂಟೆಯಲ್ಲಿ ಪ್ರೈಸ್ ಏದುಸಿರು ಬಿಡುತ್ತ ಬಂದರು. "ಮಿಸೆಸ್ ಪೆಲ್ಹಾಮ್ ಕಾಣ್ತಿಲ್ಲ! ರಿಬ್ಬನ್ ಕತ್ತರಿಸೋಕೆ ಲಂಡನ್ನಿಂದ ಬಂದವರು. ಬೂದು ಕೋಟು. ಯಾರಾದ್ರೂ ನೋಡಿದ್ರಾ?"

ಸುಮ್ಮನಿರುವುದರಲ್ಲಿ ತೆಗನ್ ಪಳಗಿದವಳು. ಸುಮ್ಮನಿದ್ದರೆ ಕೆಲಸವೂ ಉಳಿಯುತ್ತಿತ್ತು. ಆದರೆ ಆವತ್ತು ಬಾಯಿ ಅವಳ ಮಾತು ಕೇಳಲಿಲ್ಲ.

"ನಾನೇ ಕಳಿಸಿದೆ ಸಾರ್. ಬೇಕರಿ ಕಡೆಗೆ."

"ಯಾವ ಬೇಕರಿ?"

"ಈಗಿಲ್ಲ ಸಾರ್."

ಪ್ರೈಸ್ ಹಣೆ ಒರೆಸಿಕೊಂಡರು. "ಮೈಕ್‌ನಲ್ಲಿ ಕರಿ. ಇಲ್ಲಿಗೆ ಬರೋಕೆ ಹೇಳು."

ತೆಗನ್ ಗುಂಡಿ ಒತ್ತಿದಳು. ಗಾಬರಿಯಲ್ಲಿ ಬಾಯಿಗೆ ಬಂದದ್ದು ಒಂದೇ. "ಮಿಸೆಸ್ ಪೆಲ್ಹಾಮ್, ದಯವಿಟ್ಟು ಬಸ್ ನಿಲ್ದಾಣದ ಗಡಿಯಾರ ಇದ್ದ ಕಡೆ ಬನ್ನಿ."

ಮೂರು ಮಹಡಿಯಲ್ಲೂ ನಗು ಸಿಡಿಯಿತು. ತೆಗನ್ ಮನಸ್ಸಿನಲ್ಲೇ ಪೊರಕೆ ಹಿಡಿದು ಮಾರುಕಟ್ಟೆಯ ಮೂಲೆ ಗುಡಿಸತೊಡಗಿದಳು.

ಅಷ್ಟರಲ್ಲಿ ಜನರ ದಂಡೊಂದು ಬಂತು. ನಡುವೆ ಮಿಸೆಸ್ ಪೆಲ್ಹಾಮ್. ಒಂದು ತೋಳು ಬೋವೆನ್ ಅಜ್ಜಿಯ ಹಿಡಿತದಲ್ಲಿ, ಇನ್ನೊಂದು ಟೋಪಿಯ ಮುದುಕನ ಹಿಡಿತದಲ್ಲಿ.

"ಗಡಿಯಾರ ಇಲ್ಲಿರಲಿಲ್ಲ ಕಣಯ್ಯಾ, ಇನ್ನೂ ನಾಲ್ಕು ಹೆಜ್ಜೆ ಆಚೆ," ಎಂದಳು ಅಜ್ಜಿ.

"ನನಗೇ ಹೇಳ್ತೀಯಾ? ಅದರ ಕೆಳಗೇ ನಿಂತು ಒಂದು ಹುಡುಗಿಗೆ ಎರಡು ಗಂಟೆ ಕಾದಿದ್ದೆ."

"ಬಂದ್ಲಾ?"

"ಎಲ್ಲಿ ಬಂದ್ಲು!"

ಪ್ರೈಸ್ ಕ್ಷಮೆ ಕೇಳತೊಡಗಿದರು. "ಹುಡುಗಿ ಹೊಸಬಳು ಮೇಡಂ, ಇವತ್ತೇ ಕಳಿಸ್ಬಿಡ್ತೀವಿ."

"ಕಳಿಸಿ ನೋಡೋಣ!" ಎಂದಳು ಬೋವೆನ್ ಅಜ್ಜಿ. "ನಿಮ್ಮ ನೀಲಿ ಹಸಿರು ನಂಬಿಕೊಂಡಿದ್ರೆ ನಾನಿನ್ನೂ ಸಿನಿಮಾ ಹುಡುಕ್ತಿದ್ದೆ."

ಪ್ರೈಸ್ ಮೇಜಿನ ಮುಂದಿನ ಸಾಲು ನೋಡಿದರು. ಯಾರೂ ಗೋಡೆಯ ನಕ್ಷೆಯ ಹತ್ತಿರ ಸುಳಿದಿರಲಿಲ್ಲ.

"ಸರಿ. ಸೋಮವಾರದಿಂದ ಖಾಯಂ," ಎಂದರು ಸಣ್ಣ ದನಿಯಲ್ಲಿ. "ಹೊರಗಿನವರು ಬಂದ್ರೆ ಮಾತ್ರ ನಕ್ಷೆ ತೋರಿಸು ತಾಯೀ."

ತೆಗನ್ ಮೇಜಿಗೆ ಮೊಣಕೈ ಊರಿ, "ತುಂಬಾ ಥ್ಯಾಂಕ್ಸ್ ಸಾರ್," ಎಂದಳು. ಮೊಣಕೈ ಊರಿದ್ದು ಮೈಕಿನ ಗುಂಡಿಯ ಮೇಲೆ. ಮೂರು ಮಹಡಿಯ ಜನ ಒಕ್ಕೊರಲಿನಿಂದ "ಪರವಾಗಿಲ್ಲ ಬಿಡು!" ಎಂದು ಕೂಗಿದರು.