ನಿಕೋಟಿನಿಸಂ ಎಂದು ಬರೆದ ಚೀಟಿ

ಹಂಪನಕಟ್ಟೆಯ ಒಂದು ದವಾಖಾನೆಯಲ್ಲಿ ನಾನು ಕಂಪೌಂಡರ್. ಎಂಟನೆಯ ತರಗತಿಗೆ ಶಾಲೆ ಬಿಟ್ಟವನು; ನನ್ನ ಇಂಗ್ಲಿಷೆಲ್ಲ ಹಳೆಯ ಡಿಕ್ಷನರಿಯೊಂದರದ್ದು. ಡಾಕ್ಟರು ಬರೆದದ್ದರ ಅರ್ಥ ಕೇಳಲು ಜನ ನನ್ನ ಹತ್ತಿರ ಬರುತ್ತಿದ್ದರು. ನನಗೂ ಅದೊಂದು ಖುಷಿ, ಯಾಕೆ ಸುಳ್ಳು ಹೇಳಲಿ.

ಐವತ್ತೇಳರ ಮಳೆಗಾಲ. ಕೊಟ್ಟಾರದ ಗುಲಾಬಿ ಮನೆಯಲ್ಲೇ ಕೂತು ಬೀಡಿ ಕಟ್ಟುವ ಹುಡುಗಿ. ಆಟಿ ತಿಂಗಳು ಕಳೆದ ಕೂಡಲೇ ಉಳ್ಳಾಲದ ಜಯಪಾಲನೊಂದಿಗೆ ಅವಳ ಮದುವೆ ಎಂದು ದಿನ ಗೊತ್ತಾಗಿತ್ತು. ಅಷ್ಟರಲ್ಲಿ ಅವಳಿಗೆ ವಾಂತಿ, ತಲೆಸುತ್ತು. ಹುಡುಗನ ಸೋದರಮಾವ ಮಹಾಬಲಣ್ಣ, ಕಾಯಿಲೆ ಏನೆಂದು ತಿಳಿಯಲೇಬೇಕೆಂದು ಅವಳನ್ನು ಕರೆದುಕೊಂಡು ಬಂದರು. ಡಾಕ್ಟರು ಪರೀಕ್ಷಿಸಿ, ಚೀಟಿಯಲ್ಲಿ ಒಂದೇ ಪದ ಬರೆದು ಊಟಕ್ಕೆ ಹೋದರು: ನಿಕೋಟಿನಿಸಂ.

"ಪೊರ್ಬುಗಳೇ, ಇದೆಂತ ಮಾರಾಯ್ರೆ? ಬಸುರು ಅಲ್ಲವಲ್ಲ?" ಮಹಾಬಲಣ್ಣ ಚೀಟಿಯನ್ನು ನನ್ನ ಕಿಟಕಿಯೊಳಗೆ ತೂರಿಸಿದರು. ನಮ್ಮ ಕಡೆ ಕ್ರಿಸ್ತುವರನ್ನು ಹೀಗೇ, ಪೊರ್ಬುಗಳೇ ಎಂದು, ಕರೆಯುವುದು.

"ಛೆ, ಅಲ್ಲವೇ ಅಲ್ಲ." ನಾನು ಡಿಕ್ಷನರಿ ತೆಗೆದು ಗಟ್ಟಿಯಾಗಿ ಅರ್ಥ ಹೇಳಿದೆ: "ಹೊಗೆಸೊಪ್ಪು ಅತಿಯಾಗಿ ಸೇವಿಸುವವರಿಗೆ ಅದರ ವಿಷದಿಂದ ಬರುವ ರೋಗ."

"ಸೇವಿಸುವುದು ಅಂದ್ರೆ?"

"ಸೇದುವುದು, ಜಗಿಯುವುದು."

ಬೆಂಚಿನಲ್ಲಿದ್ದ ಗುಲಾಬಿ ಎದ್ದು ನಿಂತಳು. "ದೈವದಾಣೆ, ನಾನು ಒಂದು ಬೀಡಿಯನ್ನೂ ಬಾಯಿಗಿಟ್ಟವಳಲ್ಲ."

"ಕಟ್ಟುವವಳಿಗೆ ಸೇದಲಿಕ್ಕೆ ಯಾರ ಅಪ್ಪಣೆ ಬೇಕು? ಈ ಸಂಬಂಧ ನಮಗೆ ಬೇಡ." ಮಹಾಬಲಣ್ಣ ಕೊಡೆ ಬಿಡಿಸಿಕೊಂಡು ಹೊರಟೇಬಿಟ್ಟರು.

ಸಂಜೆ ವಿಷಯ ಕೇಳಿ ಡಾಕ್ಟರು ಹಣೆ ಹಿಡಿದುಕೊಂಡರು. "ಸೇದಬೇಕೆಂದೇ ಇಲ್ಲ ಗ್ರೆಗರಿ! ಒದ್ದೆ ಕೈಯಲ್ಲಿ ದಿನವಿಡೀ ಹೊಗೆಸೊಪ್ಪು ಮುಟ್ಟಿದರೆ ಚರ್ಮದಿಂದಲೇ ಒಳಗೆ ಹೋಗ್ತದೆ. ನಿನ್ನ ಡಿಕ್ಷನರಿ ಬರೆದವರು ಬೀಡಿ ಕಟ್ಟಿದ್ದಾರಾ?"

ಮಾರನೆಯ ದಿನ ಗುಲಾಬಿಗೆ ಅದನ್ನೇ ಹೇಳಿದೆ. ಅವಳು ಅಳಲಿಲ್ಲ. "ನೀವೇ ಹೋಗಿ ಅವರಿಗೆ ಹೇಳಿ. ಕೆಟ್ಟದ್ದು ನಿಮ್ಮ ಬಾಯಿಂದ."

ಉಳ್ಳಾಲಕ್ಕೆ ದಾಟಬೇಕಾದ ಹೊಳೆ ಉಕ್ಕಿ ಹರಿಯುತ್ತಿತ್ತು, ದೋಣಿ ಬಿಡುತ್ತಿರಲಿಲ್ಲ. ನೀರು ಇಳಿದ ಮೇಲೂ ನಾನು ತಡ ಮಾಡಿದೆ. ಮುಖ ತೋರಿಸಲು ನಾಚಿಕೆ. ಆಟಿಯಲ್ಲಿ ಈ ಕಡೆ ಯಾರೂ ಮದುವೆಯ ಮಾತೆತ್ತುವುದಿಲ್ಲ, ಬೇರೆ ಹೆಣ್ಣು ನೋಡುವುದಂತೂ ಇಲ್ಲವೇ ಇಲ್ಲ ಎಂಬ ಧೈರ್ಯ ಬೇರೆ. ಆಟಿ ಮುಗಿದ ಮರುದಿನ ಉಳ್ಳಾಲಕ್ಕೆ ಹೋದರೆ, ಜಯಪಾಲನ ಅಂಗಳದಲ್ಲಿ ಚಪ್ಪರ ಏಳುತ್ತಿತ್ತು.

ಅವನು ನನ್ನ ಮಾತನ್ನು ಕೊನೆಯವರೆಗೂ ಕೇಳಿದ. "ಹಾಗಾದ್ರೆ ಅವಳು ಹೇಳಿದ್ದು ಸತ್ಯ," ಎಂದ. ಆಮೇಲೆ, "ಮಾವ ಆಟಿ ಗೀಟಿ ನೋಡಲಿಲ್ಲ ಪೊರ್ಬುಗಳೇ. ಅದೇ ದಿನಕ್ಕೆ ಬೇರೆ ಹುಡುಗಿಯನ್ನು ಗೊತ್ತು ಮಾಡಿದರು. ಈಗ ಆ ಹುಡುಗಿಗೆ ನಾನು ಎಂತ ಹೇಳಲಿ?"

ನಾನು ದೋಣಿಯ ಕಡೆಗೆ ಹಿಂತಿರುಗಿದೆ.

ಕೊಟ್ಟಾರಕ್ಕೆ ಬಂದಾಗ ಗುಲಾಬಿ ಮೊರ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು.

"ಸಿಕ್ಕಿದರಾ?"

"ಸಿಕ್ಕಿದ."

"ನಂಬಿದರಾ?"

"ನಂಬಿದ."

ಅವಳ ಮುಖ ಅರಳಿದ್ದನ್ನು ನೋಡಿ, ಚಪ್ಪರದ ವಿಷಯ ಹೇಗೆ ಹೇಳಲಿ ಎಂದು ನಾನು ಯೋಚಿಸುವಷ್ಟರಲ್ಲಿ, "ಅಮ್ಮಾ, ಬಿಸಿನೀರು ಉಂಟಾ?" ಎನ್ನುತ್ತಾ ಅವಳು ಮೊರ ಬದಿಗಿಟ್ಟು, ಕೈಯ ವಾಸನೆ ತೊಳೆಯಲು ಒಳಗೆ ಓಡಿದಳು.