ಕೈ ಒರೆಸಿದ ಬಟ್ಟೆ

ಪಾದ್ರಿಯಾಗುವ ಗುರುದೀಕ್ಷೆಯ ದಿನ ಬಿಷಪರು ದರ್ಜಿಯಮ್ಮನ ಮಗನ ಅಂಗೈಗೆ ಹಚ್ಚಿದ ಪವಿತ್ರ ತೈಲವನ್ನು ಒರೆಸಿದ ಬಿಳಿ ಬಟ್ಟೆ ಅದು. ಅಂಥ ಬಟ್ಟೆ ತಾಯಿಗೆ ಸೇರುತ್ತದೆ. ಅವಳು ಸತ್ತಾಗ ಅದನ್ನು ಅವಳ ಕೈಗೆ ಸುತ್ತಿ ಮಣ್ಣು ಮಾಡುತ್ತಾರೆ. ದೇವರ ಮುಂದೆ ನಿಂತು, ‘ನಿನಗೊಬ್ಬ ಗುರುವನ್ನು ಹೆತ್ತುಕೊಟ್ಟೆ’ ಎಂದು ತೋರಿಸಲಿ ಎಂದು. ಆ ಬಟ್ಟೆ ಈಗ ಕಪಾಟಿನಲ್ಲಿ ಇರಲಿಲ್ಲ.

ದರ್ಜಿಯಮ್ಮನ ಅನುಮಾನ ನೆಟ್ಟಗೆ ಹೋಗಿ ಕೂತದ್ದು ಅಕ್ಕನ ಮೇಲೆ. ಹೆತ್ತ ಮೇಲೆ ತಾನು ಎರಡು ವರ್ಷ ಹಾಸಿಗೆ ಹಿಡಿದಿದ್ದಾಗ ಮಗುವಿಗೆ ಬಾಟಲಿ ಹಾಲು ಕುಡಿಸಿ, ಎತ್ತಿ ಆಡಿಸಿದವಳು ಅಕ್ಕ. ಅವಳಿಗೆ ಮದುವೆಯಿಲ್ಲ, ಮಕ್ಕಳಿಲ್ಲ. ಈಚೆಗೆ ಚರ್ಚಿನಲ್ಲಿ ಮರಿಯಮ್ಮನ ಮುಂದೆ ಮೊಣಕಾಲೂರಿದರೆ ಏಳುವುದೇ ಇಲ್ಲ. ಅಷ್ಟು ಹೊತ್ತು ಕೇಳಿಕೊಳ್ಳುವುದಕ್ಕೆ ಏನಿರುತ್ತದೆ? ತಾನೂ ತಾಯಿಯೇ ಎಂದು ಒಪ್ಪಿಸುತ್ತಿದ್ದಾಳೋ ಏನೋ! ಸಂಶಯ ಹೊಕ್ಕ ತಲೆಗೆ ಅಕ್ಕ ಕೆಮ್ಮಿದರೂ ಕಳ್ಳಕೆಮ್ಮು, ನಕ್ಕರೂ ಕಳ್ಳನಗೆ.

ಅಕ್ಕ ಸ್ನಾನಕ್ಕೆ ಹೋದದ್ದೇ ತಡ, ಅವಳ ದಿಂಬಿನ ಹೊಲಿಗೆ ಬಿಚ್ಚಿ ಒಳಗೆ ಕೈ ಹಾಕಿದಳು. ಹತ್ತಿ ಬಿಟ್ಟರೆ ಏನೂ ಇರಲಿಲ್ಲ. ತಿರುಗಿದರೆ, ಒದ್ದೆ ಕೂದಲಲ್ಲಿ ಅಕ್ಕ ಬಾಗಿಲಲ್ಲೇ ನಿಂತಿದ್ದಳು.

“ಏನೇ ಹುಡುಕ್ತಿದ್ದೀಯ?”

“ನನ್ನ ಮಗನ ಬಟ್ಟೆ. ನೀನೇ ತಗೊಂಡಿದ್ದೀಯ.”

ಅಕ್ಕ ನೆಲದ ಮೇಲೆ ಚೆಲ್ಲಿದ ಹತ್ತಿಯನ್ನು ನೋಡಿದಳು. “ಕದಿಯೋ ಬುದ್ಧಿ ಇದ್ದಿದ್ರೆ ಅವನನ್ನೇ ಕದ್ಕೊಂಡು ಹೋಗ್ತಿದ್ದೆ ಕಣೇ. ಆಗ ನಿನಗೆ ಎದ್ದು ಕೂರೋಕೂ ಆಗ್ತಿರ್ಲಿಲ್ಲ. ಮೊನ್ನೆ ಬಂದಾಗ ಕಪಾಟಿನ ಬಾಗಿಲು ತೆಗೆದಿದ್ದು ಯಾಕೆ ಅಂತ ಅವನನ್ನೇ ಕೇಳು.”

ದರ್ಜಿಯಮ್ಮ ದಿಂಬನ್ನು ಕೆಳಗಿಟ್ಟಳು. ಮೊನ್ನೆ ಎಂದರೆ ಭಾನುವಾರ. ಭಾನುವಾರ ಬೆಳಿಗ್ಗೆ ಪೂಜೆ ಬಿಟ್ಟು ಯಾವ ಗುರು ಅಮ್ಮನ ಮನೆಗೆ ಬರುತ್ತಾನೆ? ಮಗ ಬಂದ ಸಡಗರದಲ್ಲಿ ಅದು ಹೊಳೆದೇ ಇರಲಿಲ್ಲ.

ಫೋನ್ ಮಾಡಿ ಕರೆಸಿದಳು. ಮಗ ಸಂಜೆಯೇ ಬಂದ. ನಿಲುವಂಗಿ ಇರಲಿಲ್ಲ, ಮಾಮೂಲಿ ಅಂಗಿ. ಕೇಳುವ ಮುಂಚೆಯೇ ಚೀಲದಿಂದ ಬಟ್ಟೆ ತೆಗೆದು ಮೇಜಿನ ಮೇಲಿಟ್ಟ.

“ನಾನು ಗುರುವಾಗಿ ಉಳಿಯಲ್ಲಮ್ಮ. ಇದನ್ನ ಹಿಡ್ಕೊಂಡು ಹೋಗಿ ನೀನು ದೇವರ ಮುಂದೆ ತಲೆ ತಗ್ಗಿಸೋದು ಬೇಡ ಅಂತ...”

ಅವಳಿಗೆ ಅಳು ಬಂತು. ಅದಕ್ಕಿಂತ ಮೊದಲು ಸಿಟ್ಟು ಬಂತು. “ದೇವರ ಹತ್ರ ಏನು ಮಾತಾಡ್ಬೇಕು ಅಂತ ನನಗೆ ನೀನು ಹೇಳ್ಕೊಡ್ಬೇಡ. ಅಲ್ಲಿ ಮರಿಯಮ್ಮನೂ ಇರ್ತಾಳೆ. ಮಗ ನಾವಂದ್ಕೊಂಡ ದಾರಿ ಹಿಡೀಲಿಲ್ಲ ಅಂದ್ರೆ ಹೇಗಿರುತ್ತೆ ಅಂತ ಅವಳಿಗೆ ಗೊತ್ತು.” ಬಟ್ಟೆಯನ್ನು ಮಡಿಸಿ ಕಪಾಟಿನಲ್ಲಿಟ್ಟು ಬೀಗ ಹಾಕಿದಳು.

ಅಡುಗೆಮನೆಯಿಂದ ಅಕ್ಕ ಊಟಕ್ಕೆ ಕರೆದಳು, ಮಗನನ್ನು ಮಾತ್ರ. ದರ್ಜಿಯಮ್ಮ ತಾನಾಗಿಯೇ ಹೋಗಿ ಪಕ್ಕ ಕೂತು, “ತಪ್ಪಾಯ್ತಕ್ಕ” ಎಂದಳು. ಅಕ್ಕ ಒಂದು ತಟ್ಟೆ ಅವಳ ಮುಂದಕ್ಕೂ ತಳ್ಳಿದಳು.

ಮಗ ಎರಡು ತುತ್ತು ತಿಂದಿರಲಿಲ್ಲ, ದರ್ಜಿಯಮ್ಮ ಕೇಳಿಯೇ ಬಿಟ್ಟಳು: “ಯಾರೋ ಅವಳು?”

“ಯಾರೂ ಇಲ್ಲಮ್ಮ.”

ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರಿಗೂ ನಂಬಿಕೆ ಬರಲಿಲ್ಲ.